ಯುವ ವಿಜ್ಞಾನಿಗಳಿಗೆ ಆನ್‌ಲೈನ್ ಮಾರ್ಗದರ್ಶನ: ನಮ್ಮ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ವ್ಯಾಪಾರಸ್ಥರ ಮನೆಯಲ್ಲಿ ಹುಡುಗ ಅಂಗಡಿಗೆ ಕೂತರೆ ಹೇಳಿಕೊಡುವವರಿಗೆ ಬರವಿಲ್ಲ. ಯಾವ ಮಾಲನ್ನು ಯಾವ ಹಂಗಾಮಿನಲ್ಲಿ ತರಿಸಬೇಕು, ಯಾರಿಗೆ ಉದ್ರಿ ಕೊಡಬಹುದು, ಯಾರಿಗೆ ಕೊಡಬಾರದು ಎಂಬುದನ್ನು ತಂದೆ ಹೇಳುತ್ತಾರೆ, ದೊಡ್ಡಪ್ಪ ಹೇಳುತ್ತಾರೆ, ಗಲ್ಲಾದ ಪಕ್ಕದಲ್ಲಿ ಕೂತ ಹಳೆಯ ಗುಮಾಸ್ತರೂ ಹೇಳುತ್ತಾರೆ. ಮಗ ಸಿ.ಎ. ಓದುತ್ತೇನೆಂದರೆ ಊರಿನಲ್ಲಿ ಒಬ್ಬ ಆಡಿಟರ್ ಇದ್ದೇ ಇರುತ್ತಾರೆ. ಡಾಕ್ಟರ್, ಇಂಜಿನಿಯರ್ ಆಗುವ ದಾರಿಯೂ ಎಲ್ಲರಿಗೂ ಗೊತ್ತು.

ಅದೇ ಮನೆಯ ಮಗಳು ಬಿ.ಎಸ್ಸಿ. ಮುಗಿಸಿ, ಸಂಶೋಧನೆ ಮಾಡಿ ವಿಜ್ಞಾನಿ ಆಗುತ್ತೇನೆ ಎಂದರೆ ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಯಾರಿಗೂ ವಿರೋಧವಿರುವುದಿಲ್ಲ. ಆದರೆ ಯಾವ ಪರೀಕ್ಷೆ ಬರೆಯಬೇಕು, ಎಷ್ಟು ವರ್ಷ ಹಿಡಿಯುತ್ತದೆ, ಹೊಟ್ಟೆಪಾಡಿಗೆ ಏನು, ಮದುವೆ ಯಾವಾಗ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವ ಹಿರಿಯರು ಮನೆಯಲ್ಲಿಲ್ಲ, ಬೀದಿಯಲ್ಲಿಲ್ಲ, ಅನೇಕ ಸಲ ಇಡೀ ತಾಲ್ಲೂಕಿನಲ್ಲೂ ಇಲ್ಲ. ಕಡೆಗೆ ಯಾರಿಗೂ ತಿಳಿಯದ ದಾರಿ ಏಕೆ ಎಂದು ಆ ಮಗಳೇ ಬಿ.ಎಡ್. ಸೇರುತ್ತಾಳೆ, ಇಲ್ಲವೇ ಓದು ನಿಲ್ಲಿಸುತ್ತಾಳೆ. ಶಿಕ್ಷಕ ವೃತ್ತಿ ಪವಿತ್ರವಾದುದೇ. ಆದರೆ ಬೇರೊಂದು ಆಸೆ ಇದ್ದವರು ದಾರಿ ಗೊತ್ತಿಲ್ಲದ ಕಾರಣಕ್ಕೆ ಅದನ್ನು ಬಿಡುವುದು ನಷ್ಟವೇ ಸರಿ.

ಈ ಕೊರತೆಯನ್ನು ತುಂಬಿಕೊಡುವ ಒಂದು ವ್ಯವಸ್ಥೆ ಈಗ ಇದೆ. ದೂರದ ಊರಿನಲ್ಲಿ, ಬೇರೆ ರಾಜ್ಯದಲ್ಲಿ ಅಥವಾ ಪರದೇಶದಲ್ಲಿರುವ ಅನುಭವಿ ವಿಜ್ಞಾನಿಯೊಬ್ಬರು ಇ-ಮೇಲ್ ಮತ್ತು ವಿಡಿಯೋ ಕರೆಯ ಮೂಲಕ ಕಿರಿಯರಿಗೆ ದಾರಿ ತೋರಿಸುತ್ತಾರೆ. ಇದಕ್ಕೆ ಆನ್‌ಲೈನ್ ಮೆಂಟರಿಂಗ್ ಎನ್ನುತ್ತಾರೆ. ಹಾಗೆ ದಾರಿ ತೋರಿಸುವ ಹಿರಿಯರೇ ಮೆಂಟರ್.

ಮೊದಲು ದಾರಿ ಎಷ್ಟು ಉದ್ದ ಎಂದು ತಿಳಿಯಬೇಕು

ಬಿ.ಎಸ್ಸಿ. ಆದಮೇಲೆ ಎಂ.ಎಸ್ಸಿ.ಗೆ ಎರಡು ವರ್ಷ. ಆನಂತರ ಪಿಎಚ್.ಡಿ. ಯುಜಿಸಿಯ 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿಕೊಂಡರೆ ಇನ್ನೂ 2 ವರ್ಷ ಸಿಗುತ್ತದೆ. ಮಹಿಳೆಯರಿಗೆ ಅದರ ಮೇಲೆ ಮತ್ತೆ 2 ವರ್ಷಗಳ ರಿಯಾಯಿತಿ ಉಂಟು. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆಗೂ ಅವಕಾಶವಿದೆ. ಪಿಎಚ್.ಡಿ. ಆದಮೇಲೆ ಹೆಚ್ಚಿನವರು ಎರಡು ಮೂರು ವರ್ಷ ಬೇರೊಂದು ಪ್ರಯೋಗಾಲಯದಲ್ಲಿ ಪೋಸ್ಟ್-ಡಾಕ್ಟರಲ್ ಕೆಲಸ ಮಾಡುತ್ತಾರೆ. ಕಾಯಂ ಹುದ್ದೆ ಸಿಗುವ ಹೊತ್ತಿಗೆ ವಯಸ್ಸು ಮೂವತ್ತು ದಾಟಿರುತ್ತದೆ.

ಇಷ್ಟು ವರ್ಷ ತಂದೆಯೇ ಹಣ ಕೊಡಬೇಕೇ ಎಂಬ ಚಿಂತೆ ಸಹಜ. ಸಿಎಸ್ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಪಡೆದವರಿಗೆ ಫೆಲೋಶಿಪ್ ಸಿಗುತ್ತದೆ. 2023ರ ಜನವರಿಯಿಂದ ಜಾರಿಗೆ ಬಂದ ಪರಿಷ್ಕರಣೆಯಂತೆ ಅದು ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000 ರೂಪಾಯಿ. ಇದರ ಜೊತೆಗೆ ಮನೆ ಬಾಡಿಗೆ ಭತ್ಯೆಯೂ ಇದೆ. ಅಂದರೆ ಪಿಎಚ್.ಡಿ. ಮಾಡುವ ಮಗ ಅಥವಾ ಮಗಳು ಮನೆಗೆ ಭಾರವಾಗುವುದಿಲ್ಲ. ಈ ಲೆಕ್ಕ ತಿಳಿಯದೆಯೇ ಎಷ್ಟೋ ಮನೆಗಳಲ್ಲಿ ಬೇಡ ಎಂಬ ತೀರ್ಮಾನವಾಗಿಬಿಡುತ್ತದೆ.

ಈ ದಾರಿಯಲ್ಲಿ ಕವಲುಗಳು ಬಹಳ. ಐಐಟಿಗಳಲ್ಲಿ ಎಂ.ಎಸ್ಸಿ. ಓದಲು ಜಾಮ್ ಎಂಬ ಪರೀಕ್ಷೆ ಇದೆ. ಬಿ.ಎಸ್ಸಿ. ಆದವರನ್ನು ನೇರವಾಗಿ ಇಂಟಿಗ್ರೇಟೆಡ್ ಪಿಎಚ್.ಡಿ.ಗೆ ಸೇರಿಸಿಕೊಳ್ಳುವ ಪದ್ಧತಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ದೊಡ್ಡ ಊರಿನ ಹೆಸರಾಂತ ಕಾಲೇಜಿನಲ್ಲಿ ಓದಿದವರಿಗೆ ಇದು ಗೆಳೆಯರ ಮಾತಿನಲ್ಲೇ ತಿಳಿಯುತ್ತದೆ. ತಾಲ್ಲೂಕು ಕಾಲೇಜಿನಲ್ಲಿ ಓದಿದವರಿಗೆ ಅರ್ಜಿಯ ದಿನಾಂಕ ಕಳೆದ ಮೇಲೆ ತಿಳಿಯುತ್ತದೆ. ಇಬ್ಬರ ಬುದ್ಧಿಯಲ್ಲಿ ವ್ಯತ್ಯಾಸವಿಲ್ಲ, ಸುದ್ದಿ ತಲುಪುವುದರಲ್ಲಿ ಇದೆ.

ಗೈಡ್ ಬೇರೆ, ಮೆಂಟರ್ ಬೇರೆ

ಪಿಎಚ್.ಡಿ.ಗೆ ಗೈಡ್ ಇದ್ದೇ ಇರುತ್ತಾರಲ್ಲ, ಮತ್ತೊಬ್ಬರು ಏಕೆ ಎಂದು ಕೇಳಬಹುದು. ಗೈಡ್ ಎಂದರೆ ವಿಶ್ವವಿದ್ಯಾಲಯ ನೇಮಿಸಿದ ಅಧಿಕೃತ ಮಾರ್ಗದರ್ಶಕರು. ವಿದ್ಯಾರ್ಥಿಯ ಕೆಲಸ ಅವರ ಪ್ರಯೋಗಾಲಯದ ಕೆಲಸವೂ ಆಗಿರುತ್ತದೆ. ಪ್ರಬಂಧಕ್ಕೆ ಅವರ ಒಪ್ಪಿಗೆ ಬೇಕು, ಮುಂದೆ ಶಿಫಾರಸು ಪತ್ರವನ್ನೂ ಅವರೇ ಬರೆಯಬೇಕು. ಆದ್ದರಿಂದ ಕೆಲವು ಮಾತುಗಳನ್ನು ಅವರೊಡನೆ ಆಡಲು ಸಂಕೋಚ. ಕೆಲಸ ಮುಂದೆ ಹೋಗುತ್ತಿಲ್ಲ, ಈ ವಿಷಯ ಬದಲಿಸಲೇ, ಕಂಪನಿ ಕೆಲಸಕ್ಕೆ ಹೋಗಲೇ, ಮದುವೆಯಾದ ಮೇಲೆ ಗಂಡನ ಊರಿನಿಂದ ಇದನ್ನು ಮುಗಿಸಲು ಆಗುತ್ತದೆಯೇ ಎಂಬಂಥ ಮಾತುಗಳು ಅವು.

ಮೆಂಟರ್‌ಗೆ ಈ ವಿದ್ಯಾರ್ಥಿಯಿಂದ ಆಗಬೇಕಾದ ಲಾಭ ಯಾವುದೂ ಇಲ್ಲ. ಅಂಕ ಕೊಡುವ ಅಧಿಕಾರವೂ ಇಲ್ಲ. ಹಾಗಾಗಿ ಕೇಳುವವರು ಬಿಚ್ಚು ಮನಸ್ಸಿನಿಂದ ಕೇಳಬಹುದು, ಹೇಳುವವರು ಇದ್ದದ್ದನ್ನು ಇದ್ದಂತೆ ಹೇಳಬಹುದು. ಪೇಟೆಯಲ್ಲಿ ಪಾಲುದಾರರ ಸಲಹೆಗೆ ಒಂದು ತೂಕವಾದರೆ, ಪಾಲಿಲ್ಲದ ಹಿರಿಯರ ಸಲಹೆಗೆ ಇನ್ನೊಂದು ತೂಕ. ಎರಡೂ ಬೇಕು. ಮೆಂಟರ್ ಇದ್ದಾರೆಂದು ಗೈಡ್ ಮಾತನ್ನು ಕಡೆಗಣಿಸುವುದೂ ತಪ್ಪು.

ಕಾಗದದ ಕಾಲದಲ್ಲೂ ಇತ್ತು

ದೂರದಿಂದ ಮಾರ್ಗದರ್ಶನ ಪಡೆಯುವುದು ಇಂಟರ್ನೆಟ್ಟಿನಿಂದ ಹುಟ್ಟಿದ್ದಲ್ಲ. 1913ರ ಜನವರಿಯಲ್ಲಿ ಮದ್ರಾಸ್ ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಶ್ರೀನಿವಾಸ ರಾಮಾನುಜನ್ ಅವರು ಕೇಂಬ್ರಿಡ್ಜಿನ ಗಣಿತಜ್ಞ ಜಿ.ಎಚ್. ಹಾರ್ಡಿ ಅವರಿಗೆ ಕಾಗದ ಬರೆದರು. ಅದಕ್ಕೂ ಮುಂಚೆ ಇಂಗ್ಲೆಂಡಿನ ಬೇರೆ ಗಣಿತಜ್ಞರಿಗೆ ಬರೆದದ್ದು ಫಲ ಕೊಟ್ಟಿರಲಿಲ್ಲ. ಹಾರ್ಡಿ ಉತ್ತರಿಸಿದರು. 1914ರಲ್ಲಿ ರಾಮಾನುಜನ್ ಇಂಗ್ಲೆಂಡಿಗೆ ಹೋದರು, 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಮೊದಲ ಕಾಗದಕ್ಕೆ ಉತ್ತರ ಬರಲಿಲ್ಲವೆಂದು ಅವರು ಕೈಬಿಟ್ಟಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ಜೈನ ಸಮಾಜಕ್ಕೆ ಇನ್ನೂ ಹತ್ತಿರದ ನಿದರ್ಶನ ಡಾ. ವಿಕ್ರಂ ಸಾರಾಭಾಯಿ ಅವರದು. 1919ರಲ್ಲಿ ಅಹಮದಾಬಾದಿನ ಜವಳಿ ಗಿರಣಿ ಮಾಲೀಕರಾದ ಜೈನ ಮನೆತನದಲ್ಲಿ ಅವರು ಹುಟ್ಟಿದರು. ಕೇಂಬ್ರಿಡ್ಜಿನಲ್ಲಿ ಓದುತ್ತಿದ್ದಾಗ ಎರಡನೇ ಮಹಾಯುದ್ಧ ಶುರುವಾಗಿ ಸ್ವದೇಶಕ್ಕೆ ಮರಳಬೇಕಾಯಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಕಾಸ್ಮಿಕ್ ಕಿರಣಗಳ ಸಂಶೋಧನೆ ಮುಂದುವರಿಸಿದರು. 1947ರಲ್ಲಿ ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಸ್ಥಾಪಿಸಿದರು. ಅಲ್ಲಿ ಅವರ ಕೈಕೆಳಗೆ ಪಿಎಚ್.ಡಿ. ಮಾಡಿದವರಲ್ಲಿ ಉಡುಪಿ ಸಮೀಪದ ಅದಮಾರಿನಲ್ಲಿ ಹುಟ್ಟಿದ ಪ್ರೊ. ಯು.ಆರ್. ರಾವ್ ಒಬ್ಬರು. 1975ರ ಏಪ್ರಿಲ್ 19ರಂದು ಹಾರಿದ ಭಾರತದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ರಾವ್ ಅವರ ನೇತೃತ್ವದಲ್ಲಿ. ರಾಮನ್ ಅವರಿಂದ ಸಾರಾಭಾಯಿ, ಸಾರಾಭಾಯಿ ಅವರಿಂದ ರಾವ್, ಹೀಗೆ ಒಬ್ಬರು ಮತ್ತೊಬ್ಬರ ಕೈಹಿಡಿದು ನಡೆಸಿದ್ದಾರೆ.

ಸಾರಾಭಾಯಿ ಅವರ ಮನೆತನಕ್ಕೆ ಅನುಕೂಲವಿತ್ತು, ದೊಡ್ಡವರ ಪರಿಚಯವಿತ್ತು. ಆ ಅನುಕೂಲವಿಲ್ಲದ ಮನೆಯ ಮಕ್ಕಳಿಗೂ ದೊಡ್ಡವರ ಬಾಗಿಲು ತಟ್ಟುವ ಅವಕಾಶವನ್ನು ಆನ್‌ಲೈನ್ ವ್ಯವಸ್ಥೆ ಕೊಡುತ್ತದೆ.

ಇದು ಹೇಗೆ ನಡೆಯುತ್ತದೆ?

ಅಮೆರಿಕದಲ್ಲಿ 1997ರಲ್ಲಿ ಮೆಂಟರ್‌ನೆಟ್ ಎಂಬ ಕಾರ್ಯಕ್ರಮ ಶುರುವಾಯಿತು. ವಿಜ್ಞಾನ ಮತ್ತು ಇಂಜಿನಿಯರಿಂಗ್ ಓದುತ್ತಿದ್ದ ಹೆಣ್ಣುಮಕ್ಕಳನ್ನು ಅದೇ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದ ಅನುಭವಿಗಳ ಜೊತೆ ಇ-ಮೇಲ್ ಮೂಲಕ ಜೋಡಿಸುವುದು ಅದರ ಕೆಲಸ. ಸಾಮಾನ್ಯವಾಗಿ ಒಂದು ಶೈಕ್ಷಣಿಕ ವರ್ಷದ ಅವಧಿಗೆ, ವಾರಕ್ಕೆ ಹದಿನೈದು ಇಪ್ಪತ್ತು ನಿಮಿಷದಷ್ಟು ಪತ್ರವ್ಯವಹಾರ. ಇಷ್ಟು ಕಡಿಮೆ ಸಮಯವಾದ್ದರಿಂದಲೇ ಬಿಡುವಿಲ್ಲದ ದೊಡ್ಡ ಹುದ್ದೆಯವರೂ ಒಪ್ಪಿಕೊಳ್ಳಲು ಸಾಧ್ಯವಾಯಿತು.

ಬ್ರಿಟನ್ನಿನ ಐನಾಸ್ಪ್ ಸಂಸ್ಥೆ 2007ರಲ್ಲಿ ಆಥರ್‌ಏಡ್ ಎಂಬ ಯೋಜನೆ ಆರಂಭಿಸಿತು. ಬಡ ಮತ್ತು ಮಧ್ಯಮ ಆದಾಯದ ದೇಶಗಳ ಕಿರಿಯ ಸಂಶೋಧಕರಿಗೆ ಪ್ರಬಂಧ ಬರೆಯಲು, ಸರಿಯಾದ ಪತ್ರಿಕೆ ಆರಿಸಲು, ಅನುದಾನಕ್ಕೆ ಅರ್ಜಿ ಹಾಕಲು ಹಿರಿಯ ಸಂಶೋಧಕರು ಉಚಿತವಾಗಿ ನೆರವಾಗುವ ಯೋಜನೆ ಇದು. ಚೆನ್ನಾಗಿ ಪ್ರಯೋಗ ಮಾಡಿಯೂ ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಬರೆಯಲಾಗದೆ ಹಿಂದೆ ಬೀಳುವವರು ನಮ್ಮಲ್ಲಿ ಬಹಳ ಮಂದಿ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಇಂಥ ನೆರವಿನ ಬೆಲೆ ಹೇಳಬೇಕಾಗಿಲ್ಲ.

ಒಳ್ಳೆಯ ಕಾರ್ಯಕ್ರಮಗಳಲ್ಲಿ ಕೆಲವು ಪದ್ಧತಿಗಳು ಸಮಾನವಾಗಿವೆ. ಮೊದಲು ಇಬ್ಬರೂ ತಮ್ಮ ವಿಷಯ, ಅನುಭವ, ಬೇಕಾದ ನೆರವು ಇವನ್ನು ಬರೆದು ನೋಂದಾಯಿಸುತ್ತಾರೆ. ಹೊಂದಾಣಿಕೆ ನೋಡಿ ಜೋಡಿ ಮಾಡಲಾಗುತ್ತದೆ. ಆಮೇಲೆ ಇಬ್ಬರೂ ಸೇರಿ ಒಂದು ಒಪ್ಪಂದಕ್ಕೆ ಬರುತ್ತಾರೆ: ಯಾವ ಕೆಲಸಕ್ಕೆ ನೆರವು, ಎಷ್ಟು ತಿಂಗಳು, ಎಷ್ಟು ದಿನಕ್ಕೊಮ್ಮೆ ಮಾತು, ಆಡಿದ ಮಾತು ಗುಟ್ಟಾಗಿರಬೇಕೇ, ಹೊಂದಿಕೆಯಾಗದಿದ್ದರೆ ಹೇಗೆ ಮುಗಿಸುವುದು. ವ್ಯಾಪಾರದಲ್ಲಿ ಕರಾರು ಸ್ಪಷ್ಟವಿದ್ದರೆ ಜಗಳವಿಲ್ಲ ಎನ್ನುವುದು ಇಲ್ಲಿಗೂ ಸಲ್ಲುತ್ತದೆ.

ಮೆಂಟರ್ ಸಿಗುವ ಮೊದಲು ವಿದ್ಯಾರ್ಥಿ ತನ್ನನ್ನು ತಾನು ಅಳೆದುಕೊಳ್ಳಬೇಕು. ಅಮೆರಿಕದ ಸೈನ್ಸ್ ಪತ್ರಿಕೆಯ ಬಳಗ 2012ರಲ್ಲಿ ಮೈ-ಐಡಿಪಿ ಎಂಬ ಉಚಿತ ಆನ್‌ಲೈನ್ ಸಾಧನ ತಂದಿತು. ತನಗೆ ಏನು ಬರುತ್ತದೆ, ಏನು ಇಷ್ಟ, ಜೀವನದಲ್ಲಿ ಯಾವುದು ಮುಖ್ಯ ಎಂಬ ಪ್ರಶ್ನೆಗಳಿಗೆ ಉತ್ತರ ತುಂಬುತ್ತ ಹೋದರೆ ಹೊಂದುವ ಕೆಲಸಗಳು ಯಾವುವು ಎಂದು ಅದು ತೋರಿಸುತ್ತದೆ. ಇದೇ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೂ ಪ್ರಯೋಜನವಿದೆ.

ನಮ್ಮ ದೇಶದಲ್ಲಿ ಎಲ್ಲಿಂದ ಶುರು ಮಾಡಬಹುದು?

ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಅನ್ನು ರಾಮನ್ ಅವರು 1934ರಲ್ಲಿ ಸ್ಥಾಪಿಸಿದರು. ಅದು ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತ ಬಂದಿದೆ. ಅರ್ಜಿ ಆನ್‌ಲೈನಿನಲ್ಲಿ. ಆಯ್ಕೆಯಾದ ವಿದ್ಯಾರ್ಥಿಗಳು ಸುಮಾರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಬಳಿ ಕೆಲಸ ಮಾಡುತ್ತಾರೆ. ಕಾಲೇಜು ಅಧ್ಯಾಪಕರೂ ಅರ್ಜಿ ಹಾಕಬಹುದು. ಹೀಗೆ ಎರಡು ತಿಂಗಳು ಜೊತೆಗಿದ್ದ ವಿಜ್ಞಾನಿಯೇ ಮುಂದೆ ಇ-ಮೇಲಿನಲ್ಲಿ ಸಲಹೆ ಕೊಡುವ ಮೆಂಟರ್ ಆಗಬಹುದು. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಬೇಸಿಗೆ ಫೆಲೋಶಿಪ್ ನಡೆಸಿಕೊಂಡು ಬಂದಿದೆ.

ಜೀವವಿಜ್ಞಾನದವರಿಗಾಗಿ ಬೆಂಗಳೂರಿನಿಂದ ನಡೆಯುವ ಇಂಡಿಯಾ ಬಯೋಸೈನ್ಸ್ ಇದೆ. ಹೊಸದಾಗಿ ಪ್ರಯೋಗಾಲಯ ಕಟ್ಟುವ ಯುವ ವಿಜ್ಞಾನಿಗಳನ್ನು ಹಿರಿಯರ ಜೊತೆ ಕೂರಿಸುವ ಸಭೆಗಳು 2009ರಲ್ಲಿ ಶುರುವಾದವು. ವೃತ್ತಿಯ ಬಗ್ಗೆ ಲೇಖನಗಳು, ಹುದ್ದೆಗಳ ಸುದ್ದಿ, ಆನ್‌ಲೈನ್ ಮಾತುಕತೆಗಳೂ ಇವೆ. ಮದುವೆ, ಹೆರಿಗೆಯಿಂದ ಸಂಶೋಧನೆ ನಿಂತುಹೋದ ಹೆಣ್ಣುಮಕ್ಕಳು ಮತ್ತೆ ಬರಲು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ವೈಸ್-ಕಿರಣ್ ಹೆಸರಿನಲ್ಲಿ ಯೋಜನೆ ರೂಪಿಸಿದೆ.

ಯಾವ ಕಾರ್ಯಕ್ರಮದಲ್ಲೂ ಇಲ್ಲದವರು ನೇರವಾಗಿ ವಿಜ್ಞಾನಿಗೆ ಇ-ಮೇಲ್ ಬರೆಯಬಹುದು. ಪತ್ರ ಚಿಕ್ಕದಾಗಿರಬೇಕು. ತಾನು ಯಾರು, ಎಲ್ಲಿ ಓದುತ್ತಿರುವುದು, ಅವರ ಯಾವ ಕೆಲಸವನ್ನು ಓದಿರುವುದು, ಕೇಳಬೇಕಾದ ಒಂದೇ ಪ್ರಶ್ನೆ ಏನು, ಇಷ್ಟಿದ್ದರೆ ಸಾಕು. ನೂರು ಜನರಿಗೆ ಒಂದೇ ಪತ್ರ ಕಳಿಸಿದರೆ ಓದಿದ ತಕ್ಷಣ ತಿಳಿಯುತ್ತದೆ, ಉತ್ತರ ಬರುವುದಿಲ್ಲ. ಎರಡು ವಾರ ಕಾದು ಒಮ್ಮೆ ವಿನಯದಿಂದ ನೆನಪಿಸಬಹುದು. ಆಗಲೂ ಬರದಿದ್ದರೆ ಬೇಸರಪಡದೆ ಇನ್ನೊಬ್ಬರಿಗೆ ಬರೆಯುವುದು. ಉತ್ತರ ಬಂದು ಸಲಹೆ ಸಿಕ್ಕಿದರೆ, ಅದರಂತೆ ಏನು ಮಾಡಿದೆ ಎಂದು ತಿಂಗಳ ನಂತರ ಎರಡು ಸಾಲು ಬರೆಯಬೇಕು. ಹೇಳಿದ ಮಾತು ವ್ಯರ್ಥವಾಗಲಿಲ್ಲ ಎಂದು ತಿಳಿದರೆ ಹಿರಿಯರಿಗೆ ಮತ್ತೆ ಹೇಳುವ ಮನಸ್ಸಾಗುತ್ತದೆ.

ಕೇಳಲು ನಾಚಿಕೆ ಬೇಡ. ಸ್ವಾಧ್ಯಾಯದ ಐದು ಅಂಗಗಳಲ್ಲಿ ಪೃಚ್ಛನಾ, ಅಂದರೆ ಪ್ರಶ್ನೆ ಕೇಳುವುದು, ಒಂದು ಎಂದು ನಮ್ಮ ಆಚಾರ್ಯರೇ ಹೇಳಿದ್ದಾರೆ.

ಅಹಿಂಸೆಯ ಪ್ರಶ್ನೆ

ಜೈನ ಮನೆಗಳಲ್ಲಿ ಜೀವಶಾಸ್ತ್ರ ಎಂದ ಕೂಡಲೇ ಬರುವ ಮಾತು, ಪ್ರಾಣಿಗಳನ್ನು ಕೊಯ್ಯಬೇಕಲ್ಲವೇ ಎಂಬುದು. ಇದು ತಳ್ಳಿಹಾಕುವ ಮಾತಲ್ಲ. ಪ್ರಾಣಿಶಾಸ್ತ್ರದ ಪದವಿ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವ ಪದ್ಧತಿಯನ್ನು ನಿಲ್ಲಿಸಲು ಯುಜಿಸಿ 2011ರಲ್ಲಿ ಮಾರ್ಗಸೂಚಿ ಹೊರಡಿಸಿತು, 2014ರಲ್ಲಿ ಅದನ್ನು ಇನ್ನೂ ಬಿಗಿಗೊಳಿಸಿತು. ಆದರೆ ಸಂಶೋಧನೆಯ ಹಂತದಲ್ಲಿ ಕೆಲವು ವಿಭಾಗಗಳಲ್ಲಿ ಪ್ರಾಣಿ ಪ್ರಯೋಗ ಈಗಲೂ ಇದೆ.

ಯಾವ ವಿಭಾಗದಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂಬುದು ಸೇರುವ ಮೊದಲೇ ತಿಳಿಯಬೇಕಾದ ಸಂಗತಿ. ಸಸ್ಯವಿಜ್ಞಾನ, ಕಂಪ್ಯೂಟರ್ ಬಳಸಿ ಮಾಡುವ ಜೀವವಿಜ್ಞಾನ, ಕಾಡಿನಲ್ಲಿ ಪ್ರಾಣಿ ಪಕ್ಷಿಗಳನ್ನು ನೋಡಿ ದಾಖಲಿಸುವ ಪರಿಸರ ವಿಜ್ಞಾನ, ಪ್ರಾಣಿ ಪ್ರಯೋಗಕ್ಕೆ ಬದಲಿ ವಿಧಾನಗಳನ್ನು ಹುಡುಕುವ ಸಂಶೋಧನೆ, ಹೀಗೆ ದಾರಿಗಳಿವೆ. ಭೌತಶಾಸ್ತ್ರ, ಗಣಿತ, ಖಗೋಳ ವಿಜ್ಞಾನದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಸಂದರ್ಶನದ ದಿನ ಇದನ್ನು ಕೇಳಲು ವಿದ್ಯಾರ್ಥಿಗೆ ಧೈರ್ಯ ಬರದಿರಬಹುದು. ಮೆಂಟರ್‌ನ್ನು ಮೊದಲೇ ಕೇಳಿದರೆ, ಇಂಥ ಪ್ರಯೋಗಾಲಯ ನಿನಗೆ ಹೊಂದುತ್ತದೆ, ಇಂಥದು ಹೊಂದುವುದಿಲ್ಲ ಎಂದು ನೇರವಾಗಿ ಹೇಳುತ್ತಾರೆ. ಎರಡು ವರ್ಷ ಕಳೆದ ಮೇಲೆ ಮನಸ್ಸು ನೊಂದು ಬಿಡುವುದಕ್ಕಿಂತ ಇದು ಮೇಲು.

ಎಚ್ಚರಿಕೆಯ ಮಾತುಗಳು

ಹಣ ಕೇಳುವವರಿಂದ ದೂರವಿರಬೇಕು. ನಿಜವಾದ ಮೆಂಟರ್ ಶುಲ್ಕ ಕೇಳುವುದಿಲ್ಲ. ಇಷ್ಟು ಸಾವಿರ ಕಟ್ಟಿದರೆ ಸರ್ಟಿಫಿಕೇಟು, ಸಂಶೋಧನಾ ಪ್ರಬಂಧದಲ್ಲಿ ಹೆಸರು, ಪರದೇಶದಲ್ಲಿ ಸೀಟು ಎಂದು ಹೇಳುವವರದು ಮಾರ್ಗದರ್ಶನವಲ್ಲ, ದಲ್ಲಾಳಿ ವ್ಯವಹಾರ. ಹಣ ಪಡೆದು ಏನು ಬೇಕಾದರೂ ಅಚ್ಚು ಹಾಕುವ ನಕಲಿ ಪತ್ರಿಕೆಗಳೂ ಇವೆ. ಅಲ್ಲಿ ಬಂದ ಪ್ರಬಂಧ ಮುಂದೆ ಹೆಸರಿಗೆ ಕಳಂಕವಾಗುತ್ತದೆ. ಪ್ರಬಂಧ ಕಳಿಸುವ ಮೊದಲು ಮೆಂಟರ್‌ಗೆ ಪತ್ರಿಕೆಯ ಹೆಸರು ಹೇಳಿ ವಿಚಾರಿಸುವುದು ಕ್ಷೇಮ.

ಎದುರಿಗಿರುವ ವ್ಯಕ್ತಿ ನಿಜವಾಗಿ ಆ ಸಂಸ್ಥೆಯವರೇ ಎಂದು ಸಂಸ್ಥೆಯ ಅಧಿಕೃತ ಪಟ್ಟಿಯಲ್ಲಿ ನೋಡಬೇಕು. ಪತ್ರವ್ಯವಹಾರ ಸಂಸ್ಥೆಯ ಇ-ಮೇಲ್ ಮೂಲಕವೇ ನಡೆದರೆ ಒಳ್ಳೆಯದು. ಆಧಾರ್, ಬ್ಯಾಂಕ್ ವಿವರ ಕಳಿಸಬಾರದು. ಗೈಡ್ ಒಪ್ಪಿಗೆಯಿಲ್ಲದೆ ಇನ್ನೂ ಪ್ರಕಟವಾಗದ ಪ್ರಯೋಗದ ಅಂಕಿಅಂಶ ಹಂಚಬಾರದು. ಕಿರಿಯ ವಯಸ್ಸಿನ ಮಕ್ಕಳು ವಿಡಿಯೋ ಕರೆಯಲ್ಲಿ ಮಾತಾಡುವುದು ಮನೆಯವರಿಗೆ ತಿಳಿದಿರಬೇಕು. ಮಾತು ಓದಿನ ವಿಷಯ ಬಿಟ್ಟು ಬೇರೆ ಕಡೆ ಹೊರಳಿದರೆ ಅಲ್ಲಿಗೇ ನಿಲ್ಲಿಸಿ ಹಿರಿಯರಿಗೆ ಮತ್ತು ಕಾರ್ಯಕ್ರಮ ನಡೆಸುವವರಿಗೆ ತಿಳಿಸಬೇಕು. ಇದರಲ್ಲಿ ಮಗಳ ತಪ್ಪಿಲ್ಲ, ಅವಳ ಓದು ನಿಲ್ಲಿಸುವುದಕ್ಕೆ ಇದು ಕಾರಣವಾಗಬಾರದು.

ಮೆಂಟರ್ ಕೆಲಸ ಕೊಡಿಸುವವರಲ್ಲ ಎಂಬುದೂ ನೆನಪಿರಲಿ. ಅವರು ದಾರಿ ಹೇಳುತ್ತಾರೆ, ನಡೆಯುವುದು ವಿದ್ಯಾರ್ಥಿಯ ಕೆಲಸ. ಕೆಲವೊಮ್ಮೆ, ಈ ದಾರಿ ನಿನಗಲ್ಲ ಎಂದೂ ಹೇಳಬಹುದು. ಅದನ್ನು ಇಪ್ಪತ್ತೆರಡನೇ ವಯಸ್ಸಿನಲ್ಲಿ ಕೇಳಿದರೆ ಲಾಭವೇ.

ಮನೆಯವರು ಮತ್ತು ಸಮಾಜ ಮಾಡಬಹುದಾದದ್ದು

ತಂದೆ ತಾಯಿಗೆ ವಿಜ್ಞಾನ ತಿಳಿಯಬೇಕಾಗಿಲ್ಲ. ಅಮೆರಿಕದ ಪೂರ್ವ ತೀರದಲ್ಲಿ ಬೆಳಗಾದಾಗ ಇಲ್ಲಿ ಸಂಜೆ, ರಾತ್ರಿ. ಆ ಹೊತ್ತಿನಲ್ಲಿ ಮಗಳಿಗೆ ಒಂದು ಕೋಣೆ, ಒಂದು ಗಂಟೆಯ ನಿಶ್ಶಬ್ದ ಕೊಟ್ಟರೆ ಅದೇ ದೊಡ್ಡ ಸಹಾಯ. ಮೆಂಟರ್ ಏನು ಹೇಳಿದರು ಎಂದು ಊಟದ ಹೊತ್ತಿಗೆ ಕೇಳಿದರೆ ಮನೆಯವರಿಗೂ ಈ ದಾರಿ ಸ್ವಲ್ಪ ಸ್ವಲ್ಪ ಪರಿಚಯವಾಗುತ್ತದೆ, ಭಯ ಕಡಿಮೆಯಾಗುತ್ತದೆ.

ಸಮಾಜದ ಪಾಲೂ ಇದೆ. ಊರೂರಿನ ಜೈನ ಬೋರ್ಡಿಂಗ್‌ಗಳು ಹಿಂದಿನ ಪೀಳಿಗೆಯ ಹಳ್ಳಿಯ ಮಕ್ಕಳಿಗೆ ಊಟ ವಸತಿ ಕೊಟ್ಟು ಓದಿಸಿದವು. ಆಗ ಕೊರತೆ ಇದ್ದದ್ದು ಅನ್ನ ಮತ್ತು ಸೂರಿಗೆ. ಈಗ ಅನೇಕ ಮನೆಗಳಲ್ಲಿ ಕೊರತೆ ಇರುವುದು ದಾರಿ ಹೇಳುವವರದು. ವಿದ್ಯಾರ್ಥಿ ವೇತನದ ಅರ್ಜಿ ಪಡೆಯುವ ಸಂಘಗಳು, ನಿನಗೆ ಮಾರ್ಗದರ್ಶಕರು ಬೇಕೇ ಎಂಬ ಒಂದು ಪ್ರಶ್ನೆಯನ್ನು ಅರ್ಜಿಯಲ್ಲಿ ಸೇರಿಸಬಹುದು. ಊರಿನಿಂದ ಹೋಗಿ ಬೆಂಗಳೂರು, ಪುಣೆ, ಅಮೆರಿಕ, ಜರ್ಮನಿಯಲ್ಲಿ ಸಂಶೋಧನೆಯಲ್ಲಿರುವವರ ಪಟ್ಟಿಯನ್ನು ಅವರ ಒಪ್ಪಿಗೆ ಪಡೆದು ಮಾಡಿಟ್ಟುಕೊಳ್ಳಬಹುದು. ಬಸದಿಯ ವಾರ್ಷಿಕೋತ್ಸವಕ್ಕೆ ಅವರು ಊರಿಗೆ ಬಂದಾಗ ಶಾಲು ಹೊದಿಸಿ ಕಳಿಸುವುದರ ಜೊತೆಗೆ, ಇಬ್ಬರು ಮಕ್ಕಳಿಗೆ ವರ್ಷವಿಡೀ ತಿಂಗಳಿಗೆ ಒಂದು ಗಂಟೆ ಕೊಡಿ ಎಂದು ಕೇಳಬಹುದು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಶ್ರಾವಕರಿಗೆ ಹೇಳಿದೆ. ಹತ್ತನೇ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ಹಂಚಿದಳು. ಜ್ಞಾನ ಒಂದೆಡೆ ಕೂಡಿ ಕೂರಬಾರದು, ಇಲ್ಲದವರ ಮನೆ ಬಾಗಿಲಿಗೆ ತಲುಪಬೇಕು ಎಂಬುದು ಆ ತಾಯಿಯ ಕೆಲಸದಿಂದ ತಿಳಿಯುವ ಪಾಠ. ಇಂದು ವಿಜ್ಞಾನಿಯೊಬ್ಬರು ಕಂಪ್ಯೂಟರ್ ಮುಂದೆ ಕೂತು ಗುರುತಿಲ್ಲದ ಊರಿನ ಹುಡುಗಿಯ ಪ್ರಶ್ನೆಗೆ ಉತ್ತರ ಕೊಡುವುದೂ ಅದೇ ಸಾಲಿನ ದಾನ. ಅದನ್ನು ಪಡೆದ ಹುಡುಗಿ ಮುಂದೆ ತಾನು ಒಂದು ನೆಲೆಗೆ ನಿಂತಾಗ ಇನ್ನೊಬ್ಬರಿಗೆ ಉತ್ತರ ಕೊಟ್ಟರೆ ಆ ಸಾಲ ತೀರಿದಂತೆ.

ಮನೆಯಲ್ಲಿ ಬಿ.ಎಸ್ಸಿ. ಓದುವ ಮಕ್ಕಳಿದ್ದರೆ ಈ ವಾರವೇ ಅವರನ್ನು ಕೂರಿಸಿಕೊಂಡು, ಮುಂದೇನು ಮಾಡಬೇಕೆಂದಿದ್ದೀಯ, ಯಾರನ್ನು ಕೇಳಿದರೆ ತಿಳಿಯುತ್ತದೆ ಎಂದು ವಿಚಾರಿಸಬೇಕು. ಮೊದಲ ಪತ್ರ ಬರೆಯಲು ಅಷ್ಟೇ ಸಾಕು.

ಜೈ ಜಿನೇಂದ್ರ.